ಕ್ಯಾಂಪಸ್ ಆರೋಗ್ಯ ಇಂಟರ್ನ್‌ಶಿಪ್: ಹುಡುಗ್ಯಾರನ್ನ ಹೆಂಗ ಮಾತಾಡ್ಸೂದ್ರಿ?

ವಿಜಯಪುರದ_ಹುಡುಗಿ:
ನಮಸ್ಕಾರ್ರೀ. ವಿಜಯಪುರದಾಗ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಾಕತ್ತೀನಿ. ಕ್ಯಾಂಪಸ್‌ನ್ಯಾಗ ಆರೋಗ್ಯದ ತಿಳಿವಳಿಕೆ ಮೂಡಸೂದು ನನ್ನ ಇಂಟರ್ನ್‌ಶಿಪ್ ಕೆಲಸ. ಲೈಬ್ರರಿ ಮುಂದ ಟೇಬಲ್ ಹಾಕಿ ರಕ್ತಹೀನತೆ, ನಿದ್ದಿ, ಪರೀಕ್ಷೆ ಟೆನ್ಶನ್ ಅಂತ ಪೋಸ್ಟರ್ ಹಚ್ಚೀನಿ. ಬಂದವ್ರು ಪುಕ್ಕಟೆ ಪೆನ್ ತಗೊಂಡು ಹೊಂಟ ಬಿಡ್ತಾರ! ಹಾಸ್ಟೆಲ್ ಹುಡುಗ್ಯಾರಂತೂ ಮುಂಜಾನಿ ಬರೇ ಚಾ-ಬಿಸ್ಕಿಟ್ ಮ್ಯಾಲ ಕ್ಲಾಸಿಗೆ ಬರ್ತಾರ. ಏನ್ ಮಾಡ್ಲಿ?

ಬಾಗಲಕೋಟಿ_ನರ್ಸ್:
ತಂಗಿ, ಟೇಬಲ್ ಬಿಡು, ಮೆಸ್ಸಿಗೆ ಹೋಗು. ತಾಟಿನ ಮುಂದ ಕುಂತ್ರ ಮಾತು ತಾನ ಬರ್ತೈತಿ. ಉಂಡ ಕೂಡ್ಲೇ ಚಾ ಕುಡದ್ರ ಊಟದಾಗಿನ ಕಬ್ಬಿಣಾಂಶ ಮೈಗೆ ಹತ್ತೂದು ಕಡಿಮಿ. ಒಂದ್ ತಾಸು ಬಿಟ್ಟು ಕುಡೀರಿ ಅನ್ನು. ಹೆಸರುಕಾಳು, ಮೆಂತೆಪಲ್ಯೆ ಮ್ಯಾಲ ಲಿಂಬಿ ಹಿಂಡಿಕೊಂಡ್ರ ವಿಟಮಿನ್ ಸಿ ಇಂದ ಕಬ್ಬಿಣ ಚಲೋ ಹತ್ತತೈತಿ. ಇಂಡಿ ಲಿಂಬಿ ನಿಮ್ಮ ಜಿಲ್ಲೇದ್ದ ಅಲ್ಲೇನು! ರಕ್ತದಾಗ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಕಿಂತ ಕಡಿಮಿ ಬಂದವ್ರನ್ನ ಮಾತ್ರ ಡಾಕ್ಟರ್ ಕಡೆ ಕಳಸು. ಗುಳಿಗಿ ನೀನ ಹೇಳಾಕ ಹೋಗಬ್ಯಾಡ.

ಬೆಳಗಾವಿ_ಹಳೇ_ಇಂಟರ್ನ್:
ನರ್ಸ್ ಅಕ್ಕಾರು ಹೇಳಿದ್ದು ಖರೇ. ಟೆನ್ಶನ್ ಪೋಸ್ಟರ್ ಮುಂದ ಮಾತ್ರ ಯಾರೂ ನಿಲ್ಲಂಗಿಲ್ಲ, ಗೆಳತ್ಯಾರು ನೋಡ್ತಾರಂತ ನಾಚಿಕಿ. ಮನಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಬಾತ್‌ರೂಮ್ ಬಾಗಿಲ ಒಳಮೈಗೆ ಹಚ್ಚು. ಪುಕ್ಕಟೆ ಐತಿ, ಹಗಲೂ ರಾತ್ರಿ ನಡೀತೈತಿ, ಕನ್ನಡದಾಗೂ ಮಾತಾಡ್ತಾರ. ಪೋಸ್ಟರ್ ಸಾಲ್ ಸಾಲಾಗಿ ಹಚ್ಚಿ ಫೋಟೋ ತಗಿಯೂದು ರಿಪೋರ್ಟಿಗಷ್ಟ ಚಂದ.

ವಿಜಯಪುರದ_ಹುಡುಗಿ:
ಬಾಗಿಲ ಐಡಿಯಾ ಭಾಳ ಚಲೋ ಐತ್ರಿ ಅಣ್ಣಾರ. ನಾಳೆ ವಾರ್ಡನ್ ಮೇಡಂಗ ಕೇಳ್ತೀನಿ. ಲಿಂಬಿ ರೊಕ್ಕ ಮೆಸ್ಸಿನವ್ರು ಕೊಡ್ತಾರೋ, ನನ್ನ ಕಿಸೇದಿಂದ ಹೋಗ್ತದೋ!