ಹುಬ್ಬಿನ ತುದಿಯಲ್ಲಿ ಗಂಟು, 2 ವರ್ಷದ ಮಗು: ಕಾಯಬಹುದಾ?

ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಮದ್ದೂರು ತಾಲ್ಲೂಕು
ಹೆಣ್ಣುಮಗು. ಎಡಹುಬ್ಬಿನ ಹೊರತುದಿಯಲ್ಲಿ ಹುಟ್ಟಿದಾಗಿನಿಂದ ಗಂಟು ಇದೆಯಂತೆ. ಮೊದಲು ಹೆಸರುಕಾಳಿನಷ್ಟು, ಈಗ ಅವರೆಕಾಳಿನಷ್ಟು. ನೋವಿಲ್ಲ, ಕೆಂಪಿಲ್ಲ. ಮೇಲಿನ ಚರ್ಮ ಸಲೀಸಾಗಿ ಜರುಗುತ್ತೆ, ಗಂಟು ಮಾತ್ರ ಮೂಳೆಗೆ ಕಚ್ಚಿಕೊಂಡಂತಿದೆ. ಅಜ್ಜಿ ಸುಣ್ಣ ಹಚ್ಚೋಣ ಅಂತಿದ್ದಾರೆ. ತಾನಾಗೇ ಕರಗುತ್ತಾ? ಆಪರೇಷನ್ ಆದರೆ ಸ್ಕ್ಯಾನ್ ಬೇಕಾ? ಮರಗಟ್ಟಿಸೋ ಇಂಜೆಕ್ಷನ್ ಸಾಕಾ?

ಮಕ್ಕಳ ಸರ್ಜರಿ, ಮೈಸೂರು
ಮೇಡಂ, ಈ ಜಾಗ, ಈ ವಯಸ್ಸು ಅಂದರೆ ಡರ್ಮಾಯ್ಡ್ ಸಿಸ್ಟ್, ಅಂದರೆ ಹುಟ್ಟಿನಿಂದಲೇ ಬರೋ ಚೀಲದಂಥ ಗಂಟು, ಇರೋ ಸಾಧ್ಯತೆಯೇ ಹೆಚ್ಚು. ಮಗು ಗರ್ಭದಲ್ಲಿರುವಾಗ ಮುಖದ ಭಾಗಗಳು ಕೂಡುವ ಗೆರೆಯಲ್ಲಿ ಚರ್ಮದ ಚೂರು ಒಳಗೇ ಉಳಿದುಬಿಡುತ್ತೆ. ಚೀಲದ ಗೋಡೆ ಚರ್ಮವೇ ಆದ್ದರಿಂದ ಹೊಟ್ಟು, ಜಿಡ್ಡು ಒಳಗೇ ತುಂಬ್ತಾ ಹೋಗುತ್ತೆ. ಕರಗೋ ಮಾತಿಲ್ಲ. ಸುಣ್ಣ ಖಂಡಿತಾ ಬೇಡ: ಚರ್ಮ ಸುಡುತ್ತೆ, ಕಣ್ಣಿಗೆ ಇಳಿದರೆ ದೃಷ್ಟಿಗೇ ಕುತ್ತು.

ಅವಸರವಿಲ್ಲ, ಆದರೆ ವರ್ಷಗಟ್ಟಲೆ ತಳ್ಳೋದೂ ಬೇಡ. ಬಿದ್ದು ಪೆಟ್ಟಾಗಿ ಚೀಲ ಒಡೆದರೆ ಸುತ್ತ ಉರಿಯೂತವಾಗಿ ಎಲ್ಲಾ ಅಂಟಿಕೊಳ್ಳುತ್ತೆ, ಆಮೇಲೆ ಪೂರ್ತಿ ಬಿಡಿಸೋದು ಕಷ್ಟ. ಸೂಜಿ ಚುಚ್ಚಿ ಹಿಂಡಿದರೂ ಅದೇ ಗತಿ. ಗೋಡೆಯ ಚೂರು ಉಳಿದರೆ ಗಂಟು ಮತ್ತೆ ಬರುತ್ತೆ.

ಹೊರತುದಿಯ ಗಂಟಿನ ಅಂಚು ಸುತ್ತಲೂ ಬೆರಳಿಗೆ ಸಿಕ್ಕಿದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಡ. ಅಂಚು ಕಣ್ಣುಗೂಡಿನೊಳಗೆ ಮಾಯವಾದರೆ ಬೇಕು. ಮೂಗಿನ ಮೇಲೆ ನಡುಗೆರೆಯಲ್ಲಿದ್ದರೆ ಕಥೆಯೇ ಬೇರೆ: ಮಿದುಳಿನವರೆಗೆ ದಾರಿ ಇರಬಹುದು, ಎಂಆರ್‌ಐ ಆಗದೆ ಬ್ಲೇಡ್ ಮುಟ್ಟಿಸಬಾರದು. ಮಗು ಅತ್ತಾಗ ಉಬ್ಬುತ್ತಾ, ಸಣ್ಣ ತೂತಿನಿಂದ ಕೂದಲು ಇಣುಕುತ್ತಾ ಅಂತ ನೋಡಿ.

ಗೀರು ಹುಬ್ಬಿನ ಅಂಚಿನಲ್ಲೋ ರೆಪ್ಪೆಯ ಮಡಿಕೆಯಲ್ಲೋ ಹಾಕ್ತಾರೆ. ಹುಬ್ಬು ಬೋಳಿಸೋದಿಲ್ಲ. ಚೀಲ ಸ್ನಾಯುವಿನ ಕೆಳಗೆ ಮೂಳೆಪೊರೆಗೆ ಅಂಟಿರುತ್ತೆ, ಒಡೆಯದಂತೆ ಇಡಿಯಾಗಿ ಬಿಡಿಸಬೇಕು. ಹಣೆ ಎತ್ತುವ ನರ ಅಲ್ಲೇ ಹತ್ತಿರ ಹಾಯುತ್ತೆ. ‘ಬರೀ ಕೊಬ್ಬಿನ ಗಡ್ಡೆ’ ಅಂದುಕೊಂಡು ಮೈನರ್ ಓಟಿಯಲ್ಲಿ (ಸಣ್ಣಪುಟ್ಟ ಆಪರೇಷನ್ ಕೋಣೆಯಲ್ಲಿ) ಕೆದಕಬಾರದು ಅನ್ನೋದು ಇದಕ್ಕೇ. ತೆಗೆದದ್ದು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ ಹೋಗಲೇಬೇಕು.

ಅರಿವಳಿಕೆ ವಿಭಾಗ
ಕೊನೆಯ ಪ್ರಶ್ನೆಗೆ: 2 ವರ್ಷದ ಮಗು ಅಲುಗಾಡದೆ ಮಲಗೋಲ್ಲ, ಪೂರ್ತಿ ಅರಿವಳಿಕೆಯೇ ಬೇಕು. ಊಟ, ಹಸುವಿನ ಹಾಲು ನಿಲ್ಲಿಸಿ 6 ಗಂಟೆ, ಎದೆಹಾಲು ನಿಲ್ಲಿಸಿ 4 ಗಂಟೆ ಆಗಿರಬೇಕು. ನೀರನ್ನು 2 ಗಂಟೆ ಮೊದಲಿನವರೆಗೂ ಕೊಡಬಹುದು. ರಾಗಿ ಗಂಜಿ ನೀರಿನ ಲೆಕ್ಕಕ್ಕೆ ಬರಲ್ಲ. ಕೇಸು ಮುಂದಕ್ಕೆ ಹೋಗೋದು ಹೀಗೇ, ‘ಏನೂ ಕೊಟ್ಟಿಲ್ಲ, ಎರಡು ಚಮಚ ಗಂಜಿ ಅಷ್ಟೇ’ ಅಂತಾರೆ. ಜ್ವರ, ಕಫದ ಕೆಮ್ಮು ಇದ್ದರೆ ಮುಚ್ಚಿಡದೆ ಹೇಳಲಿ. ಕೆಲವು ವಾರ ಮುಂದೂಡಿದರೆ ಈ ಗಂಟಿಗೇನೂ ನಷ್ಟವಿಲ್ಲ.

ಸಿಎಚ್‌ಒ, ಮದ್ದೂರು ತಾಲ್ಲೂಕು
ಧನ್ಯವಾದ ಸರ್. ನಡುಗೆರೆಯಲ್ಲಿಲ್ಲ, ಅತ್ತಾಗ ಉಬ್ಬಲ್ಲ, ತೂತೂ ಇಲ್ಲ. ಎಲ್ಲಿಗೆ ಕಳಿಸಲಿ? ಬಿಪಿಎಲ್ ಕುಟುಂಬ.

ವಾರ್ಡ್ ಸಿಸ್ಟರ್, ಮಂಡ್ಯ
ಮೊದಲು ಮಿಮ್ಸ್ (ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಸರ್ಜರಿ ಒಪಿಡಿಗೆ ಕಳಿಸಿ. ಮಕ್ಕಳ ಸರ್ಜನ್ ಬೇಕು ಅಂದರೆ ಅಲ್ಲಿಂದ ಮೈಸೂರಿಗೆ ರೆಫರಲ್ ಬರೆಸಿಕೊಳ್ಳಲಿ. ರೇಷನ್ ಕಾರ್ಡ್, ಮಗುವಿನ ಆಧಾರ್, ತಾಯಿ ಕಾರ್ಡ್ ಜೊತೆಗಿರಲಿ. ಆಪರೇಷನ್ ಆದಮೇಲೆ ರೆಪ್ಪೆ ಎರಡು ಮೂರು ದಿನ ಊದಿರುತ್ತೆ, ಮನೆಯವರಿಗೆ ಮೊದಲೇ ಹೇಳಿಬಿಡಿ. ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಬಂದರೆ ಆ ದಿನವೇ ವಾಪಸ್ ಬರಲಿ. ಗಾಯಕ್ಕೆ ಅರಿಶಿನ, ಕಾಡಿಗೆ ಎರಡೂ ಬೇಡ.