ಬುದ್ಧಿಭ್ರಮಣೆಯಾದವರ ಆಸ್ತಿಗೆ ವಾರಸುದಾರನೇ ಪಾಲಕನೇ?

ಪ್ರಶ್ನೆ (ಚಿಕ್ಕಮಗಳೂರು): ಮಾನ್ಯರೇ, 1912ರ ಭಾರತೀಯ ಲೂನಸಿ (ಬುದ್ಧಿಭ್ರಮಣೆ) ಕಾಯ್ದೆಯಡಿ ಹುಚ್ಚನೆಂದು ನ್ಯಾಯಾಲಯ ತೀರ್ಮಾನಿಸಿದವನ ತೋಟ, ಗದ್ದೆಗಳನ್ನು ಅವನ ವಾರಸುದಾರನೇ ವಹಿಸಿಕೊಳ್ಳಬಹುದಿತ್ತೇ?

ಉತ್ತರ (ಹಾಸನ): ಆ ಕಾಯ್ದೆಯು ವ್ಯಕ್ತಿಯ ಪಾಲಕ ಮತ್ತು ಆಸ್ತಿಯ ವ್ಯವಸ್ಥಾಪಕ ಎಂಬ ಎರಡು ಹೊಣೆಗಳನ್ನು ಬೇರ್ಪಡಿಸಿತ್ತು. ರೋಗಿಯ ಸಾವಿನಿಂದ ಲಾಭ ಪಡೆಯುವವನ ಕೈಗೆ ಅವನ ಊಟೋಪಚಾರವನ್ನು ಒಪ್ಪಿಸುವುದು ಅಪಾಯವಲ್ಲವೇ? ಹಾಗಾಗಿ, ರೋಗಿಗೆ ಹಿತವೆಂದು ನ್ಯಾಯಾಲಯಕ್ಕೆ ತೋರಿದ ಹೊರತು ವಾರಸುದಾರನನ್ನು ವ್ಯಕ್ತಿಯ ಪಾಲಕನನ್ನಾಗಿ ನೇಮಿಸುವಂತಿರಲಿಲ್ಲ. ಆಸ್ತಿಯ ವ್ಯವಸ್ಥಾಪಕನಾಗಲು ಈ ತಡೆಯಿರಲಿಲ್ಲ. ಆದರೆ ನ್ಯಾಯಾಲಯದ ಅನುಮತಿಯಿಲ್ಲದೆ ವ್ಯವಸ್ಥಾಪಕನು ಸ್ಥಿರಾಸ್ತಿಯನ್ನು ಮಾರುವುದಾಗಲಿ, ಅಡವಿಡುವುದಾಗಲಿ, 5 ವರ್ಷ ಮೀರಿ ಗುತ್ತಿಗೆಗೆ ಕೊಡುವುದಾಗಲಿ ಸಾಧ್ಯವಿರಲಿಲ್ಲ. ನಮ್ಮ ಕಾಫಿ ಗಿಡ ನೆಟ್ಟು ಫಸಲು ಕಾಣುವುದಕ್ಕೇ ಮೂರ್ನಾಲ್ಕು ವರ್ಷ ಬೇಕೆಂಬುದನ್ನು ನೆನೆದರೆ, ಈ ಅವಧಿ ಚಿಕ್ಕದೇ.

ಉತ್ತರ (ಸಕಲೇಶಪುರ): ಇಂಗ್ಲೆಂಡಿನ ಹಳೆಯ ಪದ್ಧತಿ ಇನ್ನೂ ಕಠಿಣ. ಹುಟ್ಟಿನಿಂದಲೇ ಬುದ್ಧಿಯಿಲ್ಲದವನ ಭೂಮಿಯ ಆದಾಯವು ಪೋಷಣೆಯ ವೆಚ್ಚ ಕಳೆದು ದೊರೆಗೇ ಸೇರುತ್ತಿತ್ತು. ನಡುವೆ ಬುದ್ಧಿ ಕೆಟ್ಟವನದನ್ನು ಮಾತ್ರ ಅವನಿಗಾಗಿ ಕಾಯ್ದಿಡುತ್ತಿದ್ದರು.