5 ಮಿ.ಮೀ. ಬೂಟಿಗೆ ಫಿನ್: ಮೀಡಿಯಂ ತಗೊಳ್ಳೋದಾ, ಲಾರ್ಜ್ ತಗೊಳ್ಳೋದಾ?

ಮುಳುಗುಕಾಲ:
ಶೂ ಸೈಜ್ ಯುರೋಪಿಯನ್ ಅಳತೆಯಲ್ಲಿ 42. ಬೂಟು 5 ಮಿ.ಮೀ. ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್), ಗಟ್ಟಿ ಅಟ್ಟೆ, ಪಕ್ಕದಲ್ಲಿ ಜಿಪ್. ನೋಡ್ತಿರೋದು ಹಿಮ್ಮಡಿ ತೆರೆದಿರುವ, ಸ್ಟ್ರಾಪ್ ಇರುವ ಸ್ಕೂಬಾ ಫಿನ್ (ನೀರೊಳಗೆ ಈಜಲು ಕಾಲಿಗೆ ಹಾಕೋ ರೆಕ್ಕೆ). ಚಾರ್ಟಿನಲ್ಲಿ ಮೀಡಿಯಂ 40–42, ಲಾರ್ಜ್ 42–44 ಅಂತಿದೆ, ಅಂದರೆ ನಾನು ಎರಡಕ್ಕೂ ಸಲ್ಲುವವನು! ಮೀಡಿಯಂ ಒಳಗೆ ಬೂಟು ಹೋಗುತ್ತೆ, ಆದರೆ ಪಾದದ ಉಬ್ಬಿನ ಮೇಲೆ ಒತ್ತುತ್ತೆ. ಲಾರ್ಜ್ ಸಲೀಸಾಗಿ ಹೋಗುತ್ತೆ. ದೊಡ್ಡದನ್ನೇ ತಗೊಂಡು ಸ್ಟ್ರಾಪ್ ಬಿಗಿದುಕೊಂಡರೆ ಸಾಲದಾ?

ಹಿನ್ನಡಿಗೆ:
ಸಾಲದು. ಸ್ಟ್ರಾಪಿನ ಕೆಲಸ ಪಾದ ಹಿಂದಕ್ಕೆ ಜಾರದಂತೆ ತಡೆಯೋದು, ಅಷ್ಟೇ. ಅಕ್ಕಪಕ್ಕದ ಅಲುಗಾಟ ಹಿಡಿಯಬೇಕಾದದ್ದು ಪಾಕೆಟ್, ಅಂದರೆ ಫಿನ್‌ನಲ್ಲಿ ಪಾದ ತೂರುವ ಭಾಗ. ಅದು ಸಡಿಲವಿದ್ದರೆ ಪ್ರತಿ ಕಿಕ್‌ಗೂ ಮೊದಲು ಪಾದ ತಿರುಗುತ್ತೆ, ಆಮೇಲೆ ಬ್ಲೇಡ್, ಅಂದರೆ ನೀರು ತಳ್ಳುವ ಮುಂದಿನ ಹಲಗೆ. ಫಿನ್ ಕಳಚದಿರಲಿ ಅಂತ ನಿಮಗೇ ಗೊತ್ತಿಲ್ಲದೆ ಬೆರಳು ಮಡಚಿ ಹಿಡಿದಿರ್ತೀರಿ. ಅಂಗಾಲು, ಮೀನಖಂಡ ಹಿಡಿದುಕೊಳ್ಳೋದು ಶುರುವಾಗೋದೇ ಅಲ್ಲಿಂದ. ಫ್ರಾಗ್ ಕಿಕ್ (ಕಪ್ಪೆಯಂತೆ ಕಾಲು ಬೀಸೋದು) ಮಾಡುವವರಿಗೆ ಇದು ಬೇಗ ಗೊತ್ತಾಗುತ್ತೆ. ಜೊತೆಗೆ ಹಲವು ಮಾಡೆಲ್‌ಗಳಲ್ಲಿ ಸೈಜ್ ಏರಿದಂತೆ ಬ್ಲೇಡೂ ದೊಡ್ಡದಾಗುತ್ತೆ, ಕಾಲಿಗೆ ಬೇಡದ ಭಾರ.

ಹಾಗಂತ ಕಣ್ಣುಮುಚ್ಚಿ ಮೀಡಿಯಂ ತಗೋಬೇಡಿ. ಉಬ್ಬಿನ ಮೇಲಿನ ಒತ್ತಡ ಅಂಗಡಿಯಲ್ಲಿ 2 ನಿಮಿಷ ಏನೂ ಅನ್ನಿಸಲ್ಲ, 40 ನಿಮಿಷದ ಡೈವಿನಲ್ಲಿ ಬೆರಳು ಜೋಮು ಹಿಡಿಯುತ್ತೆ. ತಣ್ಣೀರಲ್ಲಿ ಇನ್ನೂ ಬೇಗ.

ಪರೀಕ್ಷೆ ಹೀಗೆ ಮಾಡಿ. ಬೂಟನ್ನೂ ಪಾಕೆಟನ್ನೂ ಒದ್ದೆ ಮಾಡಿ. ಒಣ ರಬ್ಬರಿಗೆ ಒಣ ನಿಯೋಪ್ರೀನ್ ಕಚ್ಚಿಕೊಂಡು ಅರ್ಧದಲ್ಲೇ ನಿಲ್ಲುತ್ತೆ, ಸರಿಯಾದ ಸೈಜೂ ಚಿಕ್ಕದು ಅನ್ನಿಸುತ್ತೆ. ಕೂತು, ಸ್ಟ್ರಾಪ್ ಹಾಕದೆ ಪಾದ ಪೂರ್ತಿ ತಳ್ಳಿ. ಹಿಮ್ಮಡಿ ಸ್ವಲ್ಪ ಹೊರಗೆ ಉಳಿಯೋದು ಸಹಜ. ಆದರೆ ಅಂಗಾಲಿನ ನಡುವಿಗೇ ಪಾಕೆಟಿನ ತಳ ಮುಗಿದರೆ ಚಿಕ್ಕದು. ಹಿಮ್ಮಡಿ ಪೂರ್ತಿ ಒಳಗೆ ಕೂತು ಮೇಲೆ ಜಾಗ ಉಳಿದರೆ ದೊಡ್ಡದು. ಈಗ ಸ್ಟ್ರಾಪ್ ಹಾಕಿ, ಕಾಲೆತ್ತಿ ಪಾದವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಬೂಟು, ಫಿನ್ ಎರಡೂ ಒಟ್ಟಿಗೇ ತಿರುಗಬೇಕು. ಉಬ್ಬಿನ ಮೇಲೆ ಒಂದು ಬೆರಳು ತುಸು ಬಲ ಹಾಕಿದರೆ ತೂರಬೇಕು. ಎರಡು ಬೆರಳು ಆರಾಮಾಗಿ ಹೋದರೆ ಬೇಡ.

ಸ್ಪ್ರಿಂಗು:
ಮೇಲಿನ ಮಾತಿಗೆ ಒಂದು ಸೇರಿಕೆ. ಅಂಗಡಿಯ ಫಿಟ್ಟೇ ಆಳದಲ್ಲಿ ಇರುವುದಿಲ್ಲ. ನಿಯೋಪ್ರೀನ್ ಒಳಗಿರುವುದು ಅನಿಲದ ಗುಳ್ಳೆಗಳು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗಿ ಗುಳ್ಳೆಗಳು ಕುಗ್ಗುತ್ತವೆ, ಬೂಟು ತೆಳ್ಳಗಾಗುತ್ತದೆ. ಮೇಲೆ ಸಡಿಲವಿದ್ದದ್ದು ಕೆಳಗೆ ಇನ್ನೂ ಸಡಿಲ. ರಬ್ಬರ್ ಸ್ಟ್ರಾಪನ್ನು ಆಗ ಮತ್ತೆ ಎಳೆದುಕೊಳ್ಳಬೇಕು. ಸ್ಟೀಲ್ ಸ್ಪ್ರಿಂಗ್ ಸ್ಟ್ರಾಪ್ ತಾನೇ ಕುಗ್ಗಿ ಹಿಡಿಯುತ್ತದೆ. ಆದರೆ ಅಗಲವಾದ ಪಾಕೆಟಿಗೆ ಅದೂ ಮದ್ದಲ್ಲ. ಸ್ಟ್ರಾಪ್ ಯಾವುದೇ ಇರಲಿ, ಬೂಟಿನ ಹಿಮ್ಮಡಿಯಲ್ಲಿ ಅದಕ್ಕೆಂದೇ ಇರುವ ಉಬ್ಬುಪಟ್ಟಿಗೆ ಆತು ಕೂರಬೇಕು. ಇಲ್ಲದಿದ್ದರೆ ಜಾರುತ್ತದೆ.

ಮುಳುಗುಕಾಲ:
ಒದ್ದೆ ಮಾಡಿ ನೋಡಿದೆ. ಲಾರ್ಜ್ ತಿರುಚಿದಾಗ ಅಲುಗಾಡುತ್ತೆ. ಮೀಡಿಯಂ ಉದ್ದ ಸರಿ, ಅಲುಗಾಟ ಇಲ್ಲ, ಆದರೆ ಉಬ್ಬಿನ ಮೇಲೆ ಬೆರಳು ತೂರಲ್ಲ. ಅಟ್ಟೆ ದಪ್ಪ ಇರೋದೇ ಕಾರಣನಾ?

ಅಳತೆಪಟ್ಟಿ:
ಹೆಚ್ಚುಕಮ್ಮಿ ಅದೇ. ಚಾರ್ಟಿನ ನಂಬರ್ ಹೇಳೋದು ಉದ್ದದ ಮಾತು. ಎತ್ತರ, ಅಗಲ ಅದಕ್ಕೆ ಗೊತ್ತಿಲ್ಲ. ಬೂಟು ಹಾಕಿಕೊಂಡೇ ಮೂರು ಅಳತೆ ತಗೊಳ್ಳಿ: ಹಿಮ್ಮಡಿ ಗೋಡೆಗೆ ಒತ್ತಿ ತುದಿಯವರೆಗಿನ ಉದ್ದ, ಅಟ್ಟೆಯ ಅತಿ ಅಗಲದ ಜಾಗ, ಟೇಪನ್ನು ಅಟ್ಟೆಯನ್ನೂ ಸೇರಿಸಿ ಉಬ್ಬಿನ ಸುತ್ತ ಹಾಯಿಸಿದ ಸುತ್ತಳತೆ. ಒಂದೇ ನಂಬರಿನ ಎರಡು ಬೂಟಿಗೆ ಈ ಮೂರನೆಯದು ಬೇರೆಬೇರೆ ಬರುತ್ತೆ.

ಅದಕ್ಕೂ ಮೊದಲು ಬೂಟೇ ಸರಿಯಿದೆಯಾ ನೋಡಿ. ಹಿಮ್ಮಡಿಯ ಹತ್ತಿರ ನಿಯೋಪ್ರೀನ್ ಚಿವುಟಿದರೆ ಮಡಿಕೆ ಸಿಗುತ್ತಾ? ಸಿಕ್ಕರೆ ಬೂಟೇ ದೊಡ್ಡದು, ನೀವು ಫಿನ್ ಹುಡುಕ್ತಿರೋದು ತಪ್ಪು ಬೂಟಿಗೆ.

ಬೂಟು ಸರಿಯಿದ್ದರೆ ಎರಡು ದಾರಿ. ಇದೇ ಮೀಡಿಯಂಗೆ ತೆಳು ಅಟ್ಟೆಯ ಬೂಟು, ಅಥವಾ ಇದೇ ಬೂಟಿಗೆ ಪಾಕೆಟ್ ಎತ್ತರವಿರುವ ಬೇರೆ ಮಾಡೆಲ್. ದೋಣಿಯಿಂದಲೇ ಇಳಿಯೋರಿಗೆ ಮೊದಲನೆಯದು ಸಾಕು. ಕಲ್ಲುದಂಡೆಯಿಂದ ನಡೆದು ಇಳಿಯೋರಿಗೆ ಗಟ್ಟಿ ಅಟ್ಟೆ ಬೇಕೇ ಬೇಕು. ಬೇರೆ ಬ್ರ್ಯಾಂಡ್ ನೋಡುವಾಗ ಚಾರ್ಟಿನ ಅಡಿಯ ಸಣ್ಣಕ್ಷರ ಓದಿ: ಕೆಲವರು ಬೂಟಿನ ದಪ್ಪವನ್ನು ಲೆಕ್ಕಕ್ಕೆ ಹಿಡಿದೇ ಶೂ ನಂಬರ್ ಕೊಟ್ಟಿರ್ತಾರೆ. ಅದರ ಮೇಲೆ ನೀವೂ ಒಂದು ಸೈಜ್ ಏರಿಸಿದರೆ ಒಂದೇ ಬೂಟನ್ನು ಎರಡು ಸಲ ಎಣಿಸಿದಂತೆ. ಮುಂದೆ ಡ್ರೈಸೂಟ್ (ಒಳಗೆ ನೀರು ಬಿಡದ ಡೈವಿಂಗ್ ಉಡುಪು) ಹಾಕುವ ಯೋಚನೆ ಇದ್ದರೆ ಈ ಫಿನ್ನೇ ಅದಕ್ಕೂ ಆಗುತ್ತೆ ಅಂದುಕೊಳ್ಳಬೇಡಿ, ಆ ಬೂಟು ಬಹಳ ದಪ್ಪ, ಮತ್ತೆ ಅಳೀಬೇಕು.

ಹಾಂ, ಪಾಕೆಟಿನ ಅಂಚನ್ನು ಚಾಕುವಿನಿಂದ ಕೊರೆದು ಸಡಿಲ ಮಾಡಿಕೊಳ್ಳೋ ಉಪಾಯ ಬೇಡ. ಕೊರೆದ ಕಡೆಯಿಂದಲೇ ರಬ್ಬರ್ ಸೀಳಿಕೊಂಡು ಹೋಗುತ್ತೆ.